ಒಂದು ಬೋಲ್ಟು ಉಳಿದಿತ್ತು

ವಾಟರ್ ಪಂಪಿನ ಕೊನೆಯ ಬೋಲ್ಟು ಕಿರ್ರೆಂದು ತಿರುಗಿದಾಗ ಸರ್ವಮಂಗಳಾ ಹಿಡಿದಿದ್ದ ಉಸಿರು ಬಿಟ್ಟಳು. ಬಾನೆಟ್ಟಿನೊಳಗೆ ಸೊಂಟದವರೆಗೆ ಬಾಗಿದ್ದವಳು ಪಂಪನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ಎಳೆದಳು. ಒಳಗೆ ಉಳಿದಿದ್ದ ತುಕ್ಕುನೀರು ಮೊಣಕೈವರೆಗೆ ಹರಿದು, ಸೀರೆಯ ಮೇಲೆ ತೊಟ್ಟಿದ್ದ ಗಂಡನ ಹಳೇ ಖಾಕಿ ಅಂಗಿಯ ತೋಳು ನೆನೆಯಿತು.

"ಬಂತು ನೋಡ್ರೀ," ಎಂದು ಪಂಪನ್ನು ಎತ್ತಿ ತೋರಿಸಿದಳು.

ಜೀಪಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಗಂಡ ಧರ್ಮಪ್ಪ "ಹೌದು" ಎಂದ.

ಏಳು ತಿಂಗಳಿಂದ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಬಾಳೆಹೊನ್ನೂರಿನಲ್ಲಿ ಇಪ್ಪತ್ತೆರಡು ವರ್ಷ ಗ್ಯಾರೇಜು ಇಟ್ಟಿದ್ದವನು ಅವನು. ಗಾಡಿ ಸೇತುವೆ ದಾಟುವ ಮೊದಲೇ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದ. ಒಂದು ಬೆಳಿಗ್ಗೆ ಗೇರ್ ಬಾಕ್ಸ್ ಎತ್ತುವಾಗ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. "ನೀವು ಹೇಳಿದ್ದೆಲ್ಲ ಅವರಿಗೆ ತಿಳೀತದೆ. ಮಾತು ನಿಧಾನಕ್ಕೆ ಬರಬಹುದು," ಎಂದಿದ್ದರು ಡಾಕ್ಟರು. ತಿಂಗಳಾದ ಮೇಲೆ 'ಹೌದು' ಬಂತು. ಅದರ ಹಿಂದೆ ಇನ್ನೊಂದು ಬರಲಿಲ್ಲ.

ಪ್ರತಿ ಬುಧವಾರ ಕೊಪ್ಪದ ಆಸ್ಪತ್ರೆಗೆ ಕರೆದೊಯ್ದು ಅವನ ಕೈಕಾಲಿಗೆ ವ್ಯಾಯಾಮ ಮಾಡಿಸಬೇಕಿತ್ತು. ಮನೆಯಿದ್ದ ಸೀತೂರಿನಿಂದ ಅವನನ್ನು ಬಸ್ಸಿಗೆ ಹತ್ತಿಸುವುದು ಆಗದ ಮಾತು. ಪಕ್ಕದ ಮನೆಯ ಸತೀಶ ಅವರದೇ ಜೀಪು ಓಡಿಸಿಕೊಂಡು ಹೋಗಿ ಬರುತ್ತಿದ್ದ. ಹೋದ ವಾರ ದಾರಿಯಲ್ಲಿ ಎಂಜಿನ್ ಕಾದು ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು. ಆಯಿಲ್ ಕಡ್ಡಿ ಎಳೆದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗಿತ್ತು. ಪಂಪಿನ ನೀರು ಅದರ ಹಿಂದೆ ಎಂಜಿನ್ನಿನ ಮುಂಬದಿ ಮುಚ್ಚುವ ಎರಕದ ಟೈಮಿಂಗ್ ಕವರಿನ ಪ್ಯಾಕಿಂಗ್ ದಾಟಿ ಎಣ್ಣೆಗೆ ಸೇರಿತ್ತು. ಪಂಪು, ಕವರು ಎರಡನ್ನೂ ಬಿಚ್ಚದೆ ವಿಧಿಯಿರಲಿಲ್ಲ. ಮೆಕ್ಯಾನಿಕ್ಕುಗಳು ಗಾಡಿ ತನ್ನಿ ಎಂದರೇ ಹೊರತು ಮನೆಗೆ ಬರಲು ಯಾರಿಗೂ ಪುರುಸೊತ್ತಿರಲಿಲ್ಲ.

"ನಾನೇ ಬಿಚ್ತೀನಿ," ಎಂದಿದ್ದಳು ಸರ್ವಮಂಗಳಾ.

"ಅಕ್ಕಾ, ಅದು ರೊಟ್ಟಿ ತಟ್ಟಿದ ಹಾಗಲ್ಲ," ಎಂದ ಸತೀಶ.

"ಇವರ ಕೈಗೆ ಎಷ್ಟು ವರ್ಷ ಸ್ಪ್ಯಾನರ್ ಕೊಟ್ಟಿಲ್ಲ ನಾನು? ಇವರು ಪಕ್ಕದಲ್ಲೇ ಕೂತಿರ್ತಾರಲ್ಲ ಮಾರಾಯ, ತಪ್ಪಿದ್ರೆ ಹೇಳ್ತಾರೆ. ನೀನು ಸಾಮಾನು ತಂದುಕೊಡು ಸಾಕು."

ಸತೀಶ ಶಿವಮೊಗ್ಗದಿಂದ ಹೊಸ ಪಂಪು, ಪ್ಯಾಕಿಂಗು ತಂದ. ಇವತ್ತು ಬೆಳಿಗ್ಗೆ ರೇಡಿಯೇಟರ್ ಇಳಿಸಿದ. ಕ್ರ್ಯಾಂಕ್ ಪುಲ್ಲಿಯ ದೊಡ್ಡ ನಟ್ಟಿಗೆ ಸ್ಪ್ಯಾನರ್ ಕೂರಿಸಿ, ಅದಕ್ಕೊಂದು ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿ ಬಿಚ್ಚಿಕೊಟ್ಟು ತನ್ನ ಕೆಲಸಕ್ಕೆ ಹೋದ.

ಪಂಪು ಬಂದಿತ್ತು. ಉಳಿದದ್ದು ಕವರು. ಸರ್ವಮಂಗಳಾ ಒಂದೊಂದೇ ಬೋಲ್ಟು ಬಿಚ್ಚಿ ಸೀಮೆಎಣ್ಣೆಯ ಬಟ್ಟಲಿಗೆ ಹಾಕಿದಳು. ಬೆರಳ ಚರ್ಮ ಕಿತ್ತುಹೋಗಿತ್ತು. ಆದರೂ ಏನೋ ಒಂದು ಹುರುಪು. ನಡುನಡುವೆ ತಿರುಗಿ ಗಂಡನ ಮುಖ ನೋಡುತ್ತಿದ್ದಳು. ಅವನ ಕಣ್ಣು ಅವಳ ಕೈಯನ್ನು ಬಿಟ್ಟು ಅಲುಗುತ್ತಿರಲಿಲ್ಲ.

ಬೋಲ್ಟುಗಳು ಮುಗಿದವು. ಕವರು ಮಾತ್ರ ಅಲ್ಲಾಡಲಿಲ್ಲ.

"ಎಲ್ಲಾ ಬಿಚ್ಚಿ ಆಯ್ತಲ್ರೀ?"

"ಹೌದು."

ಸುತ್ತಿಗೆಯ ಹಿಡಿಯಿಂದ ಸುತ್ತಲೂ ಬಡಿದಳು. ಮೇಲಿನ ಅಂಚು ಕೂದಲೆಳೆಯಷ್ಟು ಬಿಟ್ಟಿತು. ಹಳೇ ಪ್ಯಾಕಿಂಗ್ ಅಂಟಿಕೊಂಡಿರಬೇಕು ಎಂದುಕೊಂಡು ದೊಡ್ಡ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿದಳು.

"ಮೀಟ್ಲಾ?"

"ಹೌದು! ಹೌದು, ಹೌದು!" ಧರ್ಮಪ್ಪನ ದನಿ ಏರಿತು. ಎಡಗೈ ಕುರ್ಚಿಯ ಹಿಡಿಯನ್ನು ಪಟಪಟ ಬಡಿಯಿತು.

ಆ ದನಿ ಅವಳಿಗೆ ಹೊಸದಲ್ಲ. ಗ್ಯಾರೇಜಿನಲ್ಲಿ ಯಾರ ಕೈಯಾದರೂ ತಡವರಿಸಿದರೆ ಅವನು ಹೀಗೇ ಗದರುತ್ತಿದ್ದ. ಎಷ್ಟೋ ತಿಂಗಳ ಮೇಲೆ ಕೇಳಿದ ಆ ಗದರಿಕೆಗೆ ಅವಳಿಗೆ ಒಳಗೊಳಗೇ ಖುಷಿಯಾಯಿತು. ಹಲ್ಲು ಕಚ್ಚಿ ಮೀಟಿದಳು.

ಒಣ ಕರಟ ಮುರಿದಂಥ ಸದ್ದು. ಕವರಿನ ಕೆಳಮೂಲೆಯಿಂದ ಅಂಗೈ ಅಗಲದ ಚೂರೊಂದು ಸಿಡಿದು ನೆಲಕ್ಕೆ ಬಿತ್ತು.

ತಿರುಗಿ ನೋಡಿದಳು. ಧರ್ಮಪ್ಪ ಅಳುತ್ತಿದ್ದ. "ಹೌದು, ಹೌದು" ಎನ್ನುತ್ತಲೇ ಇದ್ದ, ತಲೆಯೂ ಹೌದೆಂದೇ ಆಡುತ್ತಿತ್ತು. ಎಡಗೈ ಮಾತ್ರ ಕಾಗೆ ಓಡಿಸುವ ಹಾಗೆ ಗಾಳಿಯಲ್ಲಿ ಬೀಸುತ್ತಿತ್ತು. ಇಷ್ಟು ಹೊತ್ತು ಅವಳು ಆ ಕೈಯನ್ನು ನೋಡಿರಲಿಲ್ಲ.

"ಬೇಡ ಅಂದ್ರಾ?" ಎಂದಳು.

"ಹೌದು."

"ಅಥವಾ... ಬೇಡ ಅನ್ಲಿಲ್ವಾ?"

"ಹೌದು," ಎಂದ ಧರ್ಮಪ್ಪ. ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನೇ ಕಣ್ಣು ಮುಚ್ಚಿಕೊಂಡ.

ಸರ್ವಮಂಗಳಾ ಬಂಪರಿನ ಮೇಲೆ ಕುಸಿದು ಕೂತಳು. ಊಟ ಸಾಕಾ ಎಂದಿದ್ದಳು, ಹೌದೆಂದಿದ್ದ. ತಟ್ಟೆ ಎತ್ತಿದ್ದಳು. ನಿದ್ದೆ ಬಂತಾ ಎಂದಿದ್ದಳು, ಹೌದೆಂದಿದ್ದ. ದೀಪ ಆರಿಸಿದ್ದಳು. ಬಾಳೆಹೊನ್ನೂರು ಪೇಟೆಯ ವಿಘ್ನೇಶ್ವರ ಬಂದು ಗ್ಯಾರೇಜಿನ ಜಾಗ ಬಿಟ್ಟುಕೊಡಿ, ಮೊಬೈಲ್ ಅಂಗಡಿ ಇಡ್ತೇನೆ ಎಂದಾಗ, ಅವನೆದುರೇ ಇವನ ಭುಜ ಮುಟ್ಟಿ ಕೇಳಿದ್ದಳು, "ಕೊಟ್ಟುಬಿಡೋಣ ಅಲ್ವಾ?" ಹೌದು, ಹೌದು ಎಂದ ಇವನ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷದ ಅಂಗಡಿ, ಸಂಕಟ ಆಗದೇ ಇರ್ತದಾ ಎಂದು ಸೆರಗಿನಿಂದ ಒರೆಸಿದ್ದಳು. ಆ ಸಂಜೆಯೇ ಕೀಲಿಕೈ ಕೊಟ್ಟಿದ್ದಳು.

ಮಧ್ಯಾಹ್ನ ಬಂದ ಸತೀಶ ಒಡೆದ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. "ಈ ಮಾಡೆಲ್ಲಿಗೆ ಹೊಸದು ಬರೋದೇ ನಿಂತಿದೆ ಅಕ್ಕಾ. ಗುಜರಿಯಲ್ಲಿ ಹುಡುಕಬೇಕು. ಸಿಕ್ಕಿದ್ರೆ ಸಿಕ್ತು."

"ಬುಧವಾರ?"

ಅವನು ಚೂರನ್ನು ಬಂಪರಿನ ಮೇಲಿಟ್ಟು ಹೋದ.

ಬಿಸಿಲು ಇಳಿದರೂ ಧರ್ಮಪ್ಪ ಒಳಗೆ ಬರಲು ಒಪ್ಪಲಿಲ್ಲ. ಎಬ್ಬಿಸಲು ಹೋದರೆ ಎಡಗೈಯಿಂದ ಸೀಮೆಎಣ್ಣೆಯ ಬಟ್ಟಲನ್ನೇ ತೋರಿಸಿದ. ಏನೆಂದು ಕೇಳಲು ಅವಳಿಗೆ ಹೆದರಿಕೆಯಾಗಿತ್ತು. ಸ್ಟೂಲಿನ ಮೇಲೆ ಪೇಪರು ಹಾಸಿ ಬಟ್ಟಲನ್ನು ಅವನ ಮುಂದಿಟ್ಟಳು.

ಅವನು ಒಂದು ಬೋಲ್ಟು ತೆಗೆದು ಪೇಪರಿನ ಮೇಲ್ತುದಿಯಲ್ಲಿಟ್ಟ. ಇನ್ನೊಂದನ್ನು ಅದರ ಪಕ್ಕ. ಉದ್ದದವು ಒಂದು ಕಡೆ, ಗಿಡ್ಡವು ಇನ್ನೊಂದು ಕಡೆ. ಎರಡು ಸಲ ಉರುಳಿದವು, ಮತ್ತೆ ಇಟ್ಟ. ನೋಡನೋಡುತ್ತ ಪೇಪರಿನ ಮೇಲೆ ಕವರಿನ ಅಂಚು ಮೂಡಿತು. ಬಟ್ಟಲು ಖಾಲಿಯಾದಾಗ ಕೆಳಮೂಲೆಯಲ್ಲಿ ಒಂದು ಜಾಗ ಉಳಿದಿತ್ತು. ಧರ್ಮಪ್ಪ ಅಲ್ಲಿ ಬೆರಳೂರಿ ಹೆಂಡತಿಯ ಮುಖ ನೋಡಿದ.

ಸರ್ವಮಂಗಳಾ ಜೀಪಿನ ಕೆಳಗೆ ಅಂಗಾತ ಮಲಗಿ ತೆವಳಿದಳು. ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಅಂಚಿನಲ್ಲಿ ವರ್ಷಗಟ್ಟಲೆಯ ಮಣ್ಣು, ಗ್ರೀಸು ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದಳು. ಒಳಗೆ ಬೋಲ್ಟಿನ ತಲೆ ಸಿಕ್ಕಿತು. ಸ್ಪ್ಯಾನರ್ ಹಾಕಿದರೆ ಸಲೀಸಾಗಿ ತಿರುಗಿತು.

ಅದನ್ನು ತಂದು ಅವನ ಅಂಗೈಗೆ ಹಾಕಿದಳು. ಅವನು ಖಾಲಿ ಜಾಗದಲ್ಲಿಟ್ಟ.

"ಅಂಗಡಿ..." ಎಂದಳು ಸರ್ವಮಂಗಳಾ.

ಧರ್ಮಪ್ಪನ ತುಟಿ ಅಲುಗಿತು. ಬರುತ್ತಿದ್ದ ಆ ಒಂದೇ ಮಾತನ್ನು ಅವನು ಬಾಯಿ ಬಿಗಿದು ತಡೆದ. ಕೆನ್ನೆಯ ನರ ಎದ್ದು ನಿಂತಿತು. ಅವನು ಅವಳ ಕೈಯನ್ನು ಮಡಿಲಿಗೆ ಎಳೆದುಕೊಂಡು, ಪಂಚೆಯ ತುದಿಯಿಂದ ಒಂದೊಂದೇ ಬೆರಳಿನ ಗ್ರೀಸು ಒರೆಸತೊಡಗಿದ.