ನಾಯಿಗೊಂದು ಬಾಗಿಲು, ಕಳ್ಳನಿಗೊಂದು ಬಾಗಿಲು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಊಟದ ಹೊತ್ತು ಮೀರಿ, ಕಾಲಡಿಯ ನೆರಳು ಆಚೆ ಸರಿಯತೊಡಗಿದ ಸಮಯ. ಕ್ಯಾಸನೂರಿನ ಕಾಡಂಚಿನ ಒಂದು ಶೆಡ್ಡಿನ ಮುಂದೆ ಬಂದಳಿಕೆ ಊರಿನ ಕುರಿಗಾರ ಹುಚ್ಚರಾಯಪ್ಪ ತನ್ನ ಟಗರುಗಳ ಕಿವಿ ಮಡಚಿ, ತಾನೇ ಹಾಕಿದ ಕಚ್ಚು ತೋರಿಸಿ, ಇವು ನನ್ನವೇ ಎಂದ. ಕದ್ದ ಯತೀಶ ಹುಲ್ಲಿನ ಬಣವೆಯ ಹಿಂದೆ ಅಡಗಿದ್ದ. ಅವನನ್ನು ಹುಡುಕಿ ಹೊರಗೆಳೆದದ್ದು ಪೊಲೀಸ್ ನಾಯಿ, ಹೆಸರು ವರದೆ.

ಟಗರುಗಳನ್ನು ಲಗೇಜ್ ಆಟೋಗೆ ಹತ್ತಿಸಿಕೊಂಡು ಹುಚ್ಚರಾಯಪ್ಪನ ಹೆಂಡತಿ ಈಶ್ವರಮ್ಮ ಮೊದಲೇ ಹೊರಟುಬಿಟ್ಟಳು. ಹುಚ್ಚರಾಯಪ್ಪ ಹೇಳಿಕೆ ಕೊಡಲು ಶಿಕಾರಿಪುರಕ್ಕೆ ಹೋಗಬೇಕಿತ್ತು. ಹಾಗಾಗಿ ಪೊಲೀಸ್ ಗಾಡಿಯಲ್ಲೇ ಜಾಗವಾಯಿತು. ಹೊರಡುವ ಮುಂಚೆ ಅವನು ಆ ಗಾಡಿಯನ್ನು ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಸುತ್ತು ಹಾಕಿ ನೋಡಿದ. ಹಿಂಭಾಗವನ್ನು ಕಬ್ಬಿಣದ ತಗಡು ಹಾಕಿ ಎರಡು ಪಾಲು ಮಾಡಿದ್ದರು. ಎಡಗಡೆಯ ಪಾಲಿಗೆ ಪಕ್ಕದಲ್ಲಿ ಬಾಗಿಲು, ಬಲಗಡೆಯದಕ್ಕೆ ಹಿಂದೆ ಬಾಗಿಲು.

ನಾಯಿಯನ್ನು ಸಾಕಿ ಪಳಗಿಸಿದ ಪೇದೆ ಸಂಗೀತ ನೆರಳಲ್ಲಿ ಕೂತು ವರದೆಯ ಕಾಲ್ಬೆರಳ ಸಂದು, ಕಿವಿಯ ಒಳಗು ಬಿಡಿಸಿ ಬಿಡಿಸಿ ನೋಡುತ್ತಿದ್ದಳು.

"ಏನ್ ಹುಡುಕ್ತೀಯವ್ವ, ಹೇನಾ?"

"ಉಣುಗು ಅಜ್ಜ. ಮಂಗನ ಕಾಯಿಲೆ ಕಾಡು ಇದು, ಈ ಹುಳದಿಂದ್ಲೇ ಅದು ಹರಡೋದು. ಒಂದು ಹತ್ತಿದ್ರೂ ಗಾಡಿಯಲ್ಲಿ ಇರೋರಿಗೆಲ್ಲ ಕಷ್ಟ." ಹೇಳುತ್ತಲೇ ಅವಳ ಕಣ್ಣು ಅವನ ಹೆಗಲ ಮೇಲೆ ಹೋಯಿತು. "ನಿಮ್ಮ ಕಂಬಳಿ ಒಳಗೆ ಬೇಡ. ಬೆಳಗಿಂದ ಪೊದೆಯಲ್ಲೆಲ್ಲ ಎಳ್ಕೊಂಡು ಓಡಾಡೀರಿ."

ಕುರಿಗಾರ ಕಂಬಳಿ ಬಿಟ್ಟು ಹೋಗುವುದುಂಟೇ? ಹುಚ್ಚರಾಯಪ್ಪ ವಾದ ಮಾಡಲಿಲ್ಲ. ಸಂಗೀತ ನಾಯಿಯನ್ನು ಒಳಗೆ ಬಿಟ್ಟು, ಶೆಡ್ಡಿನವನ ಸಹಿ ಹಾಕಿಸಲು ಹೋದಳು. ಡ್ರೈವರ್ ಶಿವಯೋಗಿ ಯತೀಶನಿಗೆ ಬೆಲ್ಟು ಬಿಗಿಯುತ್ತಿದ್ದ. ಅಷ್ಟರಲ್ಲಿ ಮುದುಕ ಹಿಂದಿನ ಮೆಟ್ಟಿಲು ಹತ್ತಿ, ಕಂಬಳಿಯನ್ನು ಗಾಡಿಯ ನೆತ್ತಿಯ ಮೇಲೆ ಹಾಸಿ, ನಾಲ್ಕು ಮೂಲೆಯನ್ನೂ ಕಂಬಿಗೆ ಕಟ್ಟಿದ. ಕಂಬಳಿಗೆ ಹುಳ ಹತ್ತಿದರೆ ಅವರ ಹಟ್ಟಿಯಲ್ಲಿ ಮಾಡುತ್ತಿದ್ದದ್ದೇ ಅದು, ಸುಡುವ ಬಿಸಿಲಿಗೆ ಅಗಲ ಬಿಚ್ಚಿ ಹಾಸುವುದು. ಬಿಸಿಲೂ ಇದೆ, ಗಾಳಿಯೂ ಸಿಗುತ್ತದೆ ಎಂದು ಅವನಿಗೆ ಸಮಾಧಾನವಾಯಿತು.

ಗಾಡಿ ಹೊರಟಿತು. ಶಿವಯೋಗಿ ಮುಂದೆ, ಹಿಂದಿನ ಸಾಲಿನಲ್ಲಿ ಸಂಗೀತ ಮತ್ತು ಹುಚ್ಚರಾಯಪ್ಪ. ಅವರ ಬೆನ್ನಿಗೆ ತಗಡು, ತಗಡಿನಾಚೆ ಎಡಗಡೆ ಯತೀಶ, ಬಲಗಡೆ ವರದೆ.

"ಅಲ್ಲವ್ವ, ಒಂದೇ ಗಾಡೀಲಿ ಎರಡು ಮನಿ ಯಾಕ ಮಾಡೀರಿ? ಜಗಳ ಆಡ್ತಾವಾ?"

ಸಂಗೀತ ನಕ್ಕಳು. "ತಾನು ಹಿಡಿದುಕೊಟ್ಟವನು ಕಣ್ಣೆದುರಿಗೇ ಕೂತಿದ್ರೆ ಅವಳಿಗೆ ಕೆಲಸ ಮುಗೀತು ಅನ್ನಿಸೋದೇ ಇಲ್ಲ ಅಜ್ಜ. ದಾರಿ ಪೂರ್ತಿ ಅವನ್ನೇ ಕಾಯ್ತಾ ಕೂರ್ತಾಳೆ. ಅವನಿಗೂ ಪ್ರಾಣ ಬಾಯಿಗೆ ಬಂದಿರ್ತದೆ. ಇಬ್ಬರಿಗೂ ನೆಮ್ಮದಿ ಇರಲಿ ಅಂತ."

"ನಂಗೆಂತ ನೆಮ್ಮದಿ ಮೇಡಂ!" ತಗಡಿನಾಚೆಯಿಂದ ಯತೀಶನ ದನಿ ಬಂತು.

"ನಿನ್ನನ್ನ ಯಾರು ಕೇಳಿದ್ರಲೇ?" ಎಂದ ಶಿವಯೋಗಿ.

ಹುಚ್ಚರಾಯಪ್ಪ ಬಿಡಲಿಲ್ಲ. "ಕಳ್ಳಗೂ ಬೆಲ್ಟಾ?"

"ಗಾಡಿ ಗುದ್ದಿದ್ರೆ ಕಳ್ಳನ ತಲೆನೂ ಒಡೀತದಲ್ಲ. ಕೋರ್ಟಿಗೆ ಮುಟ್ಟಿಸೋವರೆಗೂ ಅವನ ಜೀವ ನಮ್ಮ ಮೇಲೆ."

"ಮತ್ತ ನಾಯಿಗೆ?"

"ಅವಳ ಗೂಡೇ ಸಣ್ಣದು. ಉರುಳಿ ಬೀಳೋಕೆ ಜಾಗ ಇಲ್ಲ. ಕೆಳಗೆ ರಬ್ಬರ್ ಹಾಸಿದೆ, ಕಾಲು ಜಾರಲ್ಲ."

"ಹಂಗನ್ನು. ನಾವು ಟೆಂಪೋದಾಗ ಕುರಿ ಒತ್ತಾಗಿ ತುಂಬಿದಂಗ." ಮುದುಕನಿಗೆ ಲೆಕ್ಕ ಸರಿಹೋಗಿ ಖುಷಿಯಾಯಿತು.

"ಅಜ್ಜನ್ನ ಇಲಾಖೆಗೇ ಸೇರಿಸ್ಕೊಳ್ಳಿ ಮೇಡಂ," ಎಂದ ಶಿವಯೋಗಿ. "ನಮ್ಮ ಸಾಹೇಬ್ರೂ ಇಷ್ಟು ಕೇಳಿಲ್ಲ."

ಸೊರಬ ದಾಟಿತು. ಗಾಡಿಯೊಳಗೇ ಧಗೆ. ಶಿರಾಳಕೊಪ್ಪದ ದಾರಿಯಲ್ಲಿ ಯತೀಶ ತಗಡನ್ನು ದಬದಬ ಬಡಿದ.

"ಮೇಡಂ, ನಾಯಿಗೆ ಎಂತೋ ಆಗಿದೆ. ಇಷ್ಟು ಹೊತ್ತು ಜೋರಾಗಿ ಏದುಸಿರು ಬಿಡ್ತಿತ್ತು. ಈಗ ಸದ್ದೇ ಇಲ್ಲ."

ಶಿವಯೋಗಿ ಜೋರಾಗಿ ನಕ್ಕ. "ಹೋದ ವರ್ಷ ಹೊಟ್ಟೆನೋವು, ಈ ವರ್ಷ ನಾಯಿ ಉಸಿರು! ಗೊತ್ತೇನಜ್ಜ, ಹೋದ ಸಲ ಹಿಡಿದು ತರುವಾಗ ಇವನು ಹೊಟ್ಟೆ ಹಿಡ್ಕೊಂಡು ಒದ್ದಾಡಿದ. ಪಾಪ ಅಂತ ಗಾಡಿ ನಿಲ್ಲಿಸಿದೆ. ಜೋಳದ ಹೊಲ ಹೊಕ್ಕವನು ತಿಂಗಳು ಸಿಗಲಿಲ್ಲ. ನನಗೆ ಬಂದದ್ದು ನೋಟೀಸು. ಇನ್ನು ಠಾಣೆ ಮುಂದೆ ಬಿಟ್ರೆ ಎಲ್ಲೂ ಬ್ರೇಕ್ ಒತ್ತಲ್ಲ."

ಸಂಗೀತ ತಗಡಿನ ಗಾಜಿನ ಕಿಂಡಿಯಲ್ಲಿ ಇಣುಕಿದಳು. ಕಂಡದ್ದು ಬೆನ್ನಿನ ಕೂದಲು ಮಾತ್ರ. "ಕಾಡು ಸುತ್ತಿ ದಣಿದು ಮಲಗಿದಾಳೆ. ಶಿರಾಳಕೊಪ್ಪ ಬಂತಲ್ಲ," ಎಂದಳು. ಆದರೆ ಮತ್ತೆ ತಿರುಗಿ ಇಣುಕಿದಳು. ಕೈಗೂಸಿನಷ್ಟಿದ್ದಾಗಿಂದ ಅವಳೇ ಬೆಳೆಸಿದ ಪ್ರಾಣಿ ಅದು. ಬೇರೆಯವರು ಕೊಟ್ಟ ಅನ್ನವನ್ನು ಮೂಸುತ್ತಲೂ ಇರಲಿಲ್ಲ.

"ಸುಳ್ಳಲ್ಲ ಮೇಡಂ!" ಯತೀಶ ಮತ್ತೆ ಬಡಿದ.

ಹುಚ್ಚರಾಯಪ್ಪನಿಗೆ ಯಾರ ಮಾತು ನಂಬಬೇಕೋ ತಿಳಿಯಲಿಲ್ಲ. ಟಗರು ಕದ್ದವನ ಮಾತು ನಂಬುವುದು ಹೇಗೆ? ಅವನಿಗೆ ಹೊಳೆದದ್ದು ಇನ್ನೊಂದು ಪ್ರಶ್ನೆ ಮಾತ್ರ.

"ಅವಂಗ ಕಿಟಕಿ ಐತಿ, ಜಾಲರಿ ಐತಿ. ಈ ನಾಯಿಗೆ ಗಾಳಿ ಹೆಂಗವ್ವ?"

"ಕೆಳಗೆ ತೂತು ಇದಾವೆ. ಮೇಲೆ ಫ್ಯಾನಿದೆ, ಸೆಕೆಯನ್ನ ಎಳೆದು ಹೊರಗೆ ಹಾಕುತ್ತೆ."

"ಮೇಲೆ ಅಂದ್ರ... ನೆತ್ತಿ ಮ್ಯಾಲಾ?"

"ಹೂಂ."

ಮುದುಕ ಮುಂದಿನ ಸೀಟು ಹಿಡಿದುಕೊಂಡ. "ಅಲ್ಲೇ ಕಂಬಳಿ ಹಾಸೀನವ್ವ. ನಾಲ್ಕು ಮೂಲಿ ಕಟ್ಟೀನಿ."

"ಶಿವಯೋಗಿ, ನಿಲ್ಸಿ!"

"ಮೇಡಂ, ಠಾಣೆವರೆಗೂ ನಾನು..."

"ನಿಲ್ಸಿ ಅಂದೆ!"

ಶಿವಯೋಗಿ ಬೈಯುತ್ತಲೇ ನಿಲ್ಲಿಸಿದ. ಆದರೂ ಸುಮ್ಮನೆ ನಿಲ್ಲಿಸಲಿಲ್ಲ. ರಸ್ತೆ ಪಕ್ಕದ ಜಂಬಿಟ್ಟಿಗೆ ಕಲ್ಲಿನ ದಿಬ್ಬಕ್ಕೆ ಎಡಗಡೆಯನ್ನು ಒತ್ತಿ ನಿಲ್ಲಿಸಿದ. ಯತೀಶನ ಬಾಗಿಲು ಬೆರಳು ತೂರುವಷ್ಟೂ ತೆರೆಯುವಂತಿರಲಿಲ್ಲ.

ಸಂಗೀತ ಹಿಂದಿನ ಬಾಗಿಲು ತೆಗೆದಾಗ ಒಲೆಯ ಬಾಯಿಂದ ಬಂದ ಹಾಗೆ ಬಿಸಿ ನುಗ್ಗಿತು. ವರದೆಯ ನಾಲಿಗೆ ಹೊರಚಾಚಿ ನೇರಳೆಗಟ್ಟಿತ್ತು. ಕಣ್ಣು ಅರೆ ಮುಚ್ಚಿತ್ತು. ರಸ್ತೆಯಲ್ಲಿ ಲಾರಿ ಓಡುವಾಗ ಹಗ್ಗವಿಲ್ಲದೆ ನಾಯಿಯನ್ನು ಇಳಿಸಬಾರದು. ಅವಳು ಮೊದಲು ಹಗ್ಗ ಸಿಕ್ಕಿಸಿದಳು. ಆಮೇಲೆ ಎತ್ತಿ ದಿಬ್ಬದ ನೆರಳಿಗೆ ಹಾಕಿದಳು. ಹುಚ್ಚರಾಯಪ್ಪ ಕ್ಯಾನಿನ ನೀರು ತಂದು ತಲೆಗೆ ಸುರಿಯಲು ಹೋದ.

"ತಲೆಗೆ ಬೇಡ. ಹೊಟ್ಟೆಗೆ, ಪಾದಕ್ಕೆ ಹಾಕಿ. ನಿಧಾನ."

ಅವನು ಹಾಕಿದ. ಶಿವಯೋಗಿ ನೆತ್ತಿಯ ಮೇಲಿನ ಕಂಬಳಿ ಕಿತ್ತು ಕೆಳಗೆ ಹಾಕಿ, ಟೋಪಿ ತೆಗೆದು ಬೀಸಿದ. ಸಂಗೀತ ನಾಯಿಯ ಕಿವಿಯ ಹತ್ತಿರ ಬಾಗಿ ಹೆಸರು ಕರೆಯುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ವರದೆಯ ಪಕ್ಕೆ ದೊಡ್ಡದಾಗಿ ಏರಿತು, ಇಳಿಯಿತು. ಆಮೇಲೆ ನಾಯಿ ಸಂಗೀತಳ ಅಂಗೈಯಲ್ಲಿದ್ದ ನೀರನ್ನು ನೆಕ್ಕಿತು.

"ಬದುಕ್ತಾ?" ಎಂದು ಜಾಲರಿಯಿಂದ ಕೂಗಿ ಕೇಳಿದ ಯತೀಶ.

"ಬದುಕಿತು ಕಣೋ," ಎಂದ ಶಿವಯೋಗಿ. ಟೋಪಿ ತಲೆಗಿಟ್ಟುಕೊಳ್ಳುತ್ತ, "ಈ ಸಲ ಯಾಕೋ ಓಡಲಿಲ್ಲ?" ಎಂದ.

"ಬಾಗಿಲು ದಿಬ್ಬಕ್ಕೆ ಒತ್ತೀರಲ್ಲ ಸ್ವಾಮಿ, ಎಲ್ಲಿಗೆ ಓಡ್ಲಿ?"

ಶಿಕಾರಿಪುರ ಮುಟ್ಟಿ, ನಾಯಿಯನ್ನು ದನದ ಆಸ್ಪತ್ರೆಗೆ ಸೇರಿಸಿದ ಮೇಲೆ ಠಾಣೆಯಲ್ಲಿ ಹೇಳಿಕೆ ಬರೆಸಲು ಕೂತರು. ಹುಚ್ಚರಾಯಪ್ಪ ಅವಸರ ಮಾಡಲಿಲ್ಲ. "ಟಗರು ಕದ್ದದ್ದು ಹೌದು, ಬರ್ಕೊಳ್ರಿ. ನಾಯಿ ಸಾಯ್ತೈತಿ ಅಂತ ಕೂಗಿದ್ದೂ ಅವನೇ, ಅದನ್ನೂ ಬರ್ಕೊಳ್ರಿ. ಕಂಬಳಿ ಹಾಸಿದ್ದು ನಾನು. ಅದೂ ಇರಲಿ."

"ಇದು ಟಗರಿನ ಕೇಸು ಅಜ್ಜ."

"ಇರ್ಲಿ ಬರ್ಕೊಳ್ರಿ. ಅರ್ಧಾ ಹೇಳಿ ಹೆಬ್ಬೆಟ್ಟು ಒತ್ತಂಗಿಲ್ಲ ನಾನು."

ಬರೆದುಕೊಂಡರು.

ಅವನು ಊರಿಗೆ ಹೋಗಲಿಲ್ಲ. ಶಿಕಾರಿಪುರದಲ್ಲೇ ತಂಗಿಯ ಮನೆಯಲ್ಲಿ ಉಳಿದು, ಬೆಳಗಾದರೆ ಆಸ್ಪತ್ರೆಯ ಜಗುಲಿಯಲ್ಲಿ ಹಾಜರಾಗುತ್ತಿದ್ದ. ಈಶ್ವರಮ್ಮ ಫೋನು ಮಾಡಿ, "ಮನೀಗೆ ಬಂದ ಟಗರು ನೋಡೋರಿಲ್ಲ, ಸರ್ಕಾರದ ನಾಯಿ ಕಾಯಾಕ ಕೂತೀಯಲ್ಲ!" ಎಂದು ಬೈದಳು. ಬೈಸಿಕೊಂಡು, ನಾಯಿಗೆ ಕೊಟ್ಟ ಗ್ಲೂಕೋಸು ಮನುಷ್ಯರದ್ದೇನಾ ಎಂದು ಡಾಕ್ಟರನ್ನು ಕೇಳಿದ.

ಯತೀಶನನ್ನು ಮಂಗಳವಾರ ಶಿವಮೊಗ್ಗದ ಜೈಲಿಗೆ ಒಯ್ದರು. ವರದೆ ಚೇತರಿಸಿಕೊಂಡು ಗುರುವಾರ ಹೊರಟಿತು. ಸಂಗೀತ ಗಾಡಿಯ ಹಿಂದಿನ ಬಾಗಿಲು ತೆರೆಯುತ್ತಲೇ ತಾನಾಗಿ ಹಾರಿ ಒಳಗೆ ಕೂತಿತು.