ಹಗಲಿಗೆ ಬಂದ ಇಲಿ

ಇಲಿಯೊಂದು ಹಾಡುಹಗಲಲ್ಲೇ ಕುಡಿದವನಂತೆ ತೂರಾಡುತ್ತ ಹುಲ್ಲಿನ ಮೇಲೆ ಹೋಗುವುದನ್ನು ಗ್ವೆಂಡಾ ಕಂಡದ್ದು ಅಡುಗೆಮನೆಯ ಕಿಟಕಿಯಿಂದ. ಬಟ್ಟೆ ಒಣಹಾಕುವ ಕಂಬದವರೆಗೆ ಬಂದ ಇಲಿ, ಎತ್ತ ಹೊರಟಿದ್ದೆನೆಂಬುದೇ ಮರೆತುಹೋದಂತೆ ಅಲ್ಲೇ ಕೂತಿತು. ಬೇಲಿಯ ಮೇಲಿದ್ದ ಕುಕಬುರ್ರಾ ಹಕ್ಕಿ ಕತ್ತು ವಾಲಿಸಿ ನೋಡಿತು, ಸರ್ರನೆ ಇಳಿಯಿತು. ಇಲಿಯನ್ನು ಕಚ್ಚಿ ಕಂಬಕ್ಕೆ ಬಡಿದು ಇಡಿಯಾಗಿ ನುಂಗಿತು.

"ಲಯಲ್, ನೋಡಿದ್ಯಾ? ಪುಕ್ಕಟೆ ಊಟ!" ಎಂದು ಆಕೆ ನಕ್ಕಳು.

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

ಬ್ರಿಸ್ಬೇನಿನ ಪಶ್ಚಿಮಕ್ಕೆ, ಕಾಡು ಇಳಿದು ಬಂದು ಮನೆಗಳ ಬೇಲಿಗೆ ಒರಗಿ ನಿಲ್ಲುವ ಕಡೆ ಅವರ ಮನೆ. ಶಾಲೆಯ ಕ್ಯಾಂಟೀನಿನ ಕೆಲಸ ಬಿಟ್ಟ ಮೇಲೆ ಗ್ವೆಂಡಾಳಿಗೆ ಹಿತ್ತಲೇ ಲೋಕ. ಬೆಳಿಗ್ಗೆ ಎದ್ದವಳೇ ಮರದ ತಟ್ಟೆಗೆ ಸೂರ್ಯಕಾಂತಿ ಬೀಜ ಸುರಿಯುವಳು. ಲೋರಿಕೀಟ್ ಗಿಳಿಗಳು ಬೈದಾಡುತ್ತ ಬಂದೆರಗುವವು. ಮ್ಯಾಗ್‌ಪೈ ಹಕ್ಕಿ ಬಾಗಿಲಿಗೇ ಬಂದು ಪಾಲು ಕೇಳುವುದು. ಆದರೆ ಆಕೆಯ ಜೀವವೆಲ್ಲ ಇದ್ದದ್ದು ರಾತ್ರಿ ಇಲಿ-ಹುಳ ಹಿಡಿದು ತಿಂದು, ನೀಲಗಿರಿ ಮರದ ಮೇಲೆ ಹಗಲಿಡೀ ಒಂದಕ್ಕೊಂದು ಒತ್ತಿಕೊಂಡು ನಿದ್ದೆ ಮಾಡುವ ಕಪ್ಪೆಬಾಯಿ ಹಕ್ಕಿಗಳ ಜೋಡಿಯಲ್ಲಿ. ಬೂದಿ ಬಣ್ಣ, ಮೈಗೆ ಮೀರಿದ ತಲೆ, ಕೆನ್ನೆಯಿಂದ ಕೆನ್ನೆಗೆ ಹರಿದ ಬಾಯಿ. ವರ್ಷಗಳಿಂದ ಅದೇ ಜೋಡಿ, ಅದೇ ಕೊಂಬೆ.

"ನಮಗಿಂತ ಚೆನ್ನಾಗಿ ಸಂಸಾರ ಮಾಡ್ತಿದಾವೆ," ಎಂದು ಲಯಲ್ ಛೇಡಿಸುತ್ತಿದ್ದ.

"ಮಾಡದೆ ಏನು? ಅವುಗಳಲ್ಲಿ ಗಂಡು ಗೊರಕೆ ಹೊಡೆಯಲ್ಲ."

ಆ ವಾರವೇ ಒಂದು ಬೆಳಿಗ್ಗೆ ಹಿತ್ತಲಲ್ಲಿ ನಗು ಕೇಳಲಿಲ್ಲ. ಬೆಳಕು ಹರಿಯುವಾಗ ಗಹಗಹಿಸಿ ಬೀದಿಯನ್ನೇ ಎಬ್ಬಿಸುತ್ತಿದ್ದ ಕುಕಬುರ್ರಾ ಪ್ಯಾಶನ್‌ಫ್ರೂಟ್ ಬಳ್ಳಿಯ ಬುಡದಲ್ಲಿ ಬಿದ್ದಿತ್ತು. ಗಾಯವಿರಲಿಲ್ಲ, ಕೊಕ್ಕಿನ ಸಂದಿಯಲ್ಲಿ ಒಂದಿಷ್ಟು ರಕ್ತವಿತ್ತು. ವಯಸ್ಸಾಗಿತ್ತೇನೋ ಎಂದುಕೊಂಡು ಗ್ವೆಂಡಾ ಹೂತಳು. ಅದಾದ ಮೇಲೆ ಗಿಳಿಗಳ ಗಲಾಟೆಯ ನಡುವೆಯೂ ಏನೋ ಕಡಿಮೆಯಾದಂತೆ, ಯಾರೋ ಉಸಿರು ಹಿಡಿದು ಕಾಯುತ್ತಿರುವಂತೆ ಆಕೆಗೆ ಅನ್ನಿಸತೊಡಗಿತು. ಕೊಂಬೆಯ ಮೇಲಿನ ಜೋಡಿಯನ್ನು ಗಳಿಗೆಗೊಮ್ಮೆ ಹೋಗಿ ನೋಡುವಳು.

ಭಾನುವಾರ ನೋಡಿದಾಗ ಕೊಂಬೆಯ ಮೇಲೆ ಒಂದೇ ಇತ್ತು.

ಹೆಣ್ಣು ಹಕ್ಕಿ ಬಟ್ಟೆ ಕಂಬದ ಕೆಳಗೆ ರೆಕ್ಕೆ ಹರಡಿಕೊಂಡು ಕೂತಿತ್ತು. ಹತ್ತಿರ ಹೋದರೆ ಹಾರಲಿಲ್ಲ; ಹಳದಿ ಕಣ್ಣು ತೆರೆದು ಆಕೆಯನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಟವೆಲಿನಲ್ಲಿ ಸುತ್ತಿ ಪಶುವೈದ್ಯೆಯ ಹತ್ತಿರ ಒಯ್ದಳು. ಮೇಜಿನ ಮೇಲೆ ಇಡುವಷ್ಟರಲ್ಲಿ ಟವೆಲಿಗೆಲ್ಲ ರಕ್ತ ಇಳಿದಿತ್ತು.

"ಇಲಿ ಪಾಷಾಣ," ಎಂದಳು ವೈದ್ಯೆ. "ರಕ್ತ ಹೆಪ್ಪುಗಟ್ಟೋದೇ ನಿಂತುಹೋಗತ್ತೆ. ತಿಂದ ಇಲಿ ತಕ್ಷಣ ಸಾಯಲ್ಲಮ್ಮ, ನಾಲ್ಕಾರು ದಿನ ಅಮಲು ಹತ್ತಿದ ಹಾಗೆ ಓಡಾಡ್ಕೊಂಡಿರತ್ತೆ. ಹಿಡಿಯೋದು ಸುಲಭ ನೋಡಿ. ಅದನ್ನ ತಿಂದವರಿಗೂ ಅದೇ ಗತಿ."

"ಪುಕ್ಕಟೆ ಊಟ" ಎಂದು ನಕ್ಕದ್ದು ಗ್ವೆಂಡಾಳಿಗೆ ನೆನಪಾಯಿತು. ಉಸಿರು ನಿಂತ ಹಕ್ಕಿಯ ಮೇಲೆ ಟವೆಲ್ ಮುಚ್ಚಿದಳು.

ಮನೆಗೆ ಬಂದವಳು ಒಳಗೆ ಹೋಗಲಿಲ್ಲ, ನೇರ ಬೇಲಿಗೆ ಹೋದಳು. ಆಚೆ ಮನೆಯ ನುಂಝಿಯೋ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದ. ಇಟಲಿಯಿಂದ ಹುಡುಗನಾಗಿದ್ದಾಗ ಬಂದವನು. ಕೋಳಿ ಸಾಕಿದ್ದಾನೆ, ಬ್ರೂನೋ ಎಂಬ ಮುದಿ ನಾಯಿ ಇದೆ.

"ವಿಷ ಎಲ್ಲಿಟ್ಟಿದೀಯಾ, ನುಂಝಿಯೋ?"

"ವಿಷಾನಾ? ನಾನಾ? ಸಿನ್ಯೋರಾ, ನನ್ನ ಕೋಳಿ ಇಲ್ಲೇ ಕೆದಕ್ತವೆ, ನನ್ನ ನಾಯಿ ಇಲ್ಲೇ ಬಿದ್ಕೊಂಡಿರತ್ತೆ. ನನಗೇನು ತಲೆ ಕೆಟ್ಟಿದೆಯಾ?"

"ಇಲಿ ಇಲಿ ಅಂತ ಬಾಯಿ ಬಡ್ಕೊಳ್ತಿದ್ದದ್ದು ಯಾರು ಮತ್ತೆ?"

"ಬಡ್ಕೊಂಡೆ. ಬಾಯಿ ಬಡ್ಕೊಂಡವರೆಲ್ಲ ಪಾಷಾಣ ಇಡ್ತಾರಾ?"

"ಇನ್ಮೇಲೆ ನಿನ್ನ ಟೊಮೆಟೊ ನಮ್ಮನೆಗೆ ಬೇಡ."

"ಬೇಡ್ವಾ? ಸರಿ. ಕೋಳಿಗೆ ಹಾಕ್ತೀನಿ. ಅವಕ್ಕೆ ಉಪಕಾರ ಸ್ಮರಣೆ ಇದೆ!"

ಲಯಲ್ ಹತ್ತು ಹೆಜ್ಜೆ ಆಚೆ ಗಿಡಗಳಿಗೆ ನೀರು ಬಿಡುತ್ತಿದ್ದ. ಯಾವಾಗಲೂ ಜಗಳ ಬಿಡಿಸಲು ಮುಂದಾಗುವವನು ಅಂದು ತುಟಿ ಎರಡು ಮಾಡಲಿಲ್ಲ. ಪೈಪಿನ ನೀರು ಒಂದೇ ಗಿಡದ ಬುಡಕ್ಕೆ ಬಿದ್ದು ಮಣ್ಣು ಕೊಚ್ಚಿ ಹೋಗುತ್ತಿತ್ತು.

ಮೂರನೆಯ ದಿನ ಬಾಗಿಲು ಬಡಿದ ಸದ್ದಿಗೆ ಗ್ವೆಂಡಾ ಹೋಗಿ ನೋಡಿದರೆ ನುಂಝಿಯೋ ನಿಂತಿದ್ದ, ಎದೆಗೆ ಬ್ರೂನೋವನ್ನು ಅವಚಿಕೊಂಡು. ನಾಯಿಯ ಒಸಡು ಸುಣ್ಣದಂತೆ ಬೆಳ್ಳಗಾಗಿತ್ತು.

"ಸಿನ್ಯೋರಾ, ಜಗಳ ಆಮೇಲೆ ಆಡೋಣ. ಕಣ್ಣು ಕಾಣ್ಸಲ್ಲ ನಂಗೆ, ಕಾರು ಓಡ್ಸೋಕಾಗಲ್ಲ. ಲಯಲ್‌ನ ಕರೀರಿ."

ಲಯಲ್ ಚಪ್ಪಲಿಯನ್ನೂ ಮೆಟ್ಟದೆ ಕಾರು ತೆಗೆದ. ವೈದ್ಯೆಯ ಮೇಜಿನ ಮೇಲೆ ನಾಯಿ ವಾಂತಿ ಮಾಡಿತು. ಅದರಲ್ಲಿ ನೀಲಿ-ಹಸಿರು ಚೂರುಗಳಿದ್ದವು. "ಬರೀ ಇಲಿ ತಿಂದಿದ್ದಲ್ಲ ಇದು, ವಿಷದ ಬಿಲ್ಲೆಯನ್ನೇ ನಾಲ್ಕಾರು ದಿನದಿಂದ ಕಡೀತಿದೆ," ಎಂದಳು ವೈದ್ಯೆ, ಸೂಜಿ ತುಂಬುತ್ತ. "ಇಲಿಗಳು ಎಳ್ಕೊಂಡು ಹೋಗಿ ಎಲ್ಲೆಲ್ಲೋ ಬಚ್ಚಿಡ್ತವೆ. ನಾಯಿಗೆ ಮದ್ದಿದೆ, ಉಳಿಯತ್ತೆ. ಅದೃಷ್ಟ."

ಆ ಚೂರುಗಳನ್ನು ಕಂಡ ಲಯಲ್ ಹೊರಗೆ ಹೋಗಿ ಕಾರಿಗೆ ಒರಗಿ ನಿಂತುಬಿಟ್ಟ.

ಮನೆಗೆ ಬಂದ ಮೇಲೆ ಗ್ವೆಂಡಾ ಚಹಾಕ್ಕಿಟ್ಟು ಕಿಟಕಿಯಿಂದ ನೋಡಿದಳು. ಗಂಡ ಶೆಡ್ಡಿಗೆ ಏಣಿ ಹಾಕಿ, ಮಾಡಿನ ಸಂದಿಯಿಂದ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದೊಂದಾಗಿ ಕೆಳಗೆ ಇಳಿಸುತ್ತಿದ್ದ. ಒಂದರಲ್ಲೂ ಏನೂ ಉಳಿದಿರಲಿಲ್ಲ. ಆಕೆ ಬಂದು ಏಣಿಯ ಬುಡದಲ್ಲಿ ನಿಂತಳು.

"ನೀನಾ?"

"ಟೂರಿಗೆ ಅಂತ ಇಟ್ಟಿದ್ದ ಕಾರವಾನ್ ಗಾಡಿಯ ವೈರೆಲ್ಲಾ ಕಡಿದು ಹಾಕಿದ್ವು, ಗ್ವೆನ್. ಹಾಸಿಗೆ ಒಳಗೆ ಮರಿ ಹಾಕಿದ್ವು. ಕಾಳು ಹಾಕೋದು ಸ್ವಲ್ಪ ನಿಲ್ಸು ಅಂತ ಎಷ್ಟು ಸಲ ಹೇಳ್ದೆ? ನಿನ್ನ ತಟ್ಟೆಯಿಂದ ಉದುರಿದ್ದು ತಿಂದೇ ಅವು ಕೊಬ್ಬಿದ್ದು."

"ಆ ಮುದುಕನ ಮೇಲೆ ನಾನು ಹಾರಾಡ್ತಿದ್ದಾಗ ನೀರು ಬಿಡ್ತಾ ನಿಂತಿದ್ಯಲ್ಲ!"

"ಹೇಳ್ಬೇಕು ಅಂತ ಬಾಯಿವರೆಗೆ ಬಂತು. ನಿನ್ನ ಮುಖ ನೋಡ್ದೆ. ಆಗ್ಲಿಲ್ಲ."

ಬೈಯಲು ಆಕೆಗೆ ಮಾತು ಸಾಲದೆ ಇರಲಿಲ್ಲ. ಆದರೆ ಕಣ್ಣು ಹುಲ್ಲಿನ ಕಡೆ ಹೋಯಿತು: ಕಾಳಿನ ತಟ್ಟೆಯ ಕೆಳಗೆ, ಬಿಸಿಲಿನಲ್ಲಿ, ಇನ್ನೊಂದು ಇಲಿ ಕೂತಿತ್ತು. ಓಡಲಿಲ್ಲ. ಏನನ್ನೋ ಧ್ಯಾನಿಸುವಂತೆ ಮೂತಿ ಅಲ್ಲಾಡಿಸುತ್ತಿತ್ತು. ಜೀವಮಾನದಲ್ಲಿ ಜೇಡವನ್ನೂ ಕೊಲ್ಲದೆ ಲೋಟದಲ್ಲಿ ಹಿಡಿದು ಹೊರಗೆ ಬಿಟ್ಟವಳು ಗುದ್ದಲಿ ಎತ್ತಿಕೊಂಡು ಹೋದಳು.

ಸಂಜೆ ನುಂಝಿಯೋನ ಬಾಗಿಲಿಗೆ ಗಂಡಹೆಂಡಿರಿಬ್ಬರೂ ಹೋದರು. ಲಯಲ್ ತಾನೇ ಹೇಳಿದ. ನುಂಝಿಯೋ ಬಾಗಿಲಿನ ಚಿಲಕ ಹಿಡಿದುಕೊಂಡೇ ಕೇಳಿಸಿಕೊಂಡ.

"ಬ್ರೂನೋ ಸತ್ತಿದ್ರೆ ಈ ಬಾಗಿಲು ನಿಂಗೆ ತೆರೀತಿರ್ಲಿಲ್ಲ," ಎಂದ. ಆಮೇಲೆ, "ಬೆಳಿಗ್ಗೆ ಬರ್ತೀನಿ. ಹಕ್ಕಿ ಓಡ್ಸೋಣ. ವಿಷ ತಿಂದ ಇಲಿ ಎಲ್ಲಾ ಸಾಯೋವರೆಗೆ ಈ ಕಡೆ ಒಂದೂ ಇಳೀಬಾರ್ದು."

ಹಾಗೆ ಮರುದಿನ ಮೂವರೂ ಹಿತ್ತಲಲ್ಲಿ ನಿಂತರು. ಗ್ವೆಂಡಾ ಬಾಣಲೆಗೆ ಸೌಟು ಬಡಿದಳು, ನುಂಝಿಯೋ ಕೋಳಿಯ ಬಕೆಟ್ ಬಡಿದ, ಲಯಲ್ ಶೆಡ್ಡಿನ ತಗಡು ಬಡಿದ. ಗಿಳಿಗಳು ಕಿರುಚಿ ಎದ್ದು ಹೋದವು. ಮ್ಯಾಗ್‌ಪೈ ಬಾಗಿಲ ಹತ್ತಿರ ಬಂದು, ನಂಬಲಾರದೆ ಆಕೆಯ ಮುಖ ನೋಡಿತು. ಆಕೆ ಚಪ್ಪಲಿ ಎಸೆದಳು. ಅದೂ ಹೋಯಿತು.

ಕಪ್ಪೆಬಾಯಿ ಗಂಡು ಮಾತ್ರ ಹೋಗಲಿಲ್ಲ. ಅಪಾಯ ಬಂದರೆ ಹಾರುವುದು ಅದರ ಜಾತಿಯ ಬುದ್ಧಿಯಲ್ಲ. ಬಡಿದಷ್ಟೂ ಅದು ಮೈ ಸೆಟೆಸಿತು, ಕೊಕ್ಕನ್ನು ಆಕಾಶಕ್ಕೆ ಎತ್ತಿತು, ಕಣ್ಣು ಮುಚ್ಚಿ ಮುರಿದ ಕೊಂಬೆಯ ತುಂಡಿನಂತಾಗಿಬಿಟ್ಟಿತು.

"ಹೋಗೋ! ಹೋಗೋ ಮಾರಾಯ!" ಎಂದು ಗ್ವೆಂಡಾ ಕೂಗಿದಳು. ಕೈ ಸೋಲುವವರೆಗೆ ಬಡಿದಳು. ಲಯಲ್ ನೀರು ಹಾಯಿಸಿದ. ಹಕ್ಕಿ ಒದ್ದೆಯಾಯಿತು, ಅಲುಗಲಿಲ್ಲ.

ಮಾರನೆಯ ಬೆಳಿಗ್ಗೆ ಕೊಂಬೆ ಬರಿದಾಗಿತ್ತು. ಲಯಲ್ ಪೊದೆಗಳ ಬುಡಗಳನ್ನೆಲ್ಲ ಬಗ್ಗಿ ನೋಡಿದ. ನುಂಝಿಯೋ ತನ್ನ ಕಡೆ ನೋಡಿದ. ಗರಿಯೂ ಸಿಗಲಿಲ್ಲ.

"ಕಾಡಿನೊಳಗೆ ಹೋಗಿರತ್ತೆ ಬಿಡು," ಎಂದ ಲಯಲ್. "ಹೋಗಿರ್ಲೇಬೇಕು."

ಬೇಲಿಯಾಚೆಯ ಕಾಡಿನಲ್ಲಿ ಯಾವುದೋ ಹೊಸ ಕುಕಬುರ್ರಾ ಒಮ್ಮೆ ಕೂಗಿ ಸುಮ್ಮನಾಯಿತು, ಮತ್ತೆ ಇನ್ನೂ ಹತ್ತಿರದಲ್ಲಿ ಕೂಗಿತು. ಗ್ವೆಂಡಾ ಬಾಣಲೆ ತರಲು ಒಳಗೆ ಓಡಿದಳು.