ಅಮ್ಮಣ್ಣಿಯ ಕನ್ನಡಕದ ನಂಬರು

ಹೊಸ ಕನ್ನಡಕ ಬಂದ ನಾಲ್ಕನೇ ದಿನಕ್ಕೇ ಅಮ್ಮಣ್ಣಿ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟರು.

ಇದು 2012ರ ಮಾತು. ಊರು ಸಾಲಿಗ್ರಾಮಕ್ಕೆ ಹತ್ತಿರ. ಗಂಡ ಸುಬ್ಬರಾಯರಿಗೆ ದೇವಸ್ಥಾನದ ಚಾಕರಿ. ದೇವರಿಗೆ ಹೂವಿನ ಮಾಲೆ ಕಟ್ಟಿಕೊಡುವುದು ಅಮ್ಮಣ್ಣಿಯ ಕೆಲಸ. ಮೂವತ್ತು ವರ್ಷದಿಂದ ಒಂದು ದಿನ ತಪ್ಪಿದ್ದಿಲ್ಲ. ಈಚೆಗೆ ಹೂವಿನ ತೊಟ್ಟು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಯುವತಿ ಮಂಡಲದವರು ಶಾಲೆಯಲ್ಲಿ ನಡೆಸಿದ ಕಣ್ಣಿನ ಶಿಬಿರಕ್ಕೆ ಹೋಗಿದ್ದರು. ತಿಂಗಳೊಳಗೆ ಕನ್ನಡಕವೂ ಬಂತು. ಆದರೆ ಹಾಕಿಕೊಂಡರೆ ತಲೆ ತಿರುಗುತ್ತಿತ್ತು, ಮೆಟ್ಟಿಲು ಎಲ್ಲಿದೆಯೋ ತಿಳಿಯುತ್ತಿರಲಿಲ್ಲ. ಜಗಲಿಯಿಂದ ಇಳಿಯುವಾಗ ಬಿದ್ದು ಮೊಣಕಾಲು ತರಚಿಕೊಂಡರು.

"ಕನ್ನಡಕ ಎಲ್ಲಿತ್ತ್ ಮಾರಾಯ್ತಿ? ಹಾಕುದೇ ಇಲ್ಯಲೆ?" ಎಂದು ಸುಬ್ಬರಾಯರು ಕೇಳಿದರು.

"ಪುಕ್ಕಟೆ ಕೊಟ್ಟದ್ ಎಷ್ಟ್ ಚಂದ ಇರತ್ತ್? ನಂಗ್ ಅದ್ ಬ್ಯಾಡ."

ಬಾಯಲ್ಲಿ ಹಾಗೆಂದರೂ ಎದೆಯೊಳಗಿದ್ದ ಭಯವೇ ಬೇರೆ. ಅವರ ತಾಯಿಗೂ ಇದೇ ಪ್ರಾಯದಲ್ಲಿ ಕಣ್ಣು ಮಂಜಾಗುತ್ತ ಬಂದು ಕಡೆಗೆ ಪೂರ್ತಿ ಹೋಗಿತ್ತು. ಗೋಡೆ ಸವರಿಕೊಂಡು ನಡೆಯುತ್ತಿದ್ದ ತಾಯಿ ಈಗೀಗ ಪದೇ ಪದೇ ನೆನಪಾಗುತ್ತಿದ್ದರು. ಕನ್ನಡಕ ಹಾಕಿದರೂ ಕಾಣದಿದ್ದರೆ ತನಗೂ ಅದೇ ಗತಿ ಎಂದುಕೊಂಡರು. ಯಾರಿಗೂ ಹೇಳಲಿಲ್ಲ. ಬೆರಳಿನ ಅಂದಾಜಿನಲ್ಲೇ ಮಾಲೆ ಕಟ್ಟಿದರು.

ಹೀಗೆ ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ದೀಕ್ಷಿತಾ ಬಂದಳು. ಯುವತಿ ಮಂಡಲದ ಹುಡುಗಿ. ಶಿಬಿರದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದವಳು ಅವಳೇ.

"ಅಮ್ಮಾ, ಕನ್ನಡಕ ಹ್ಯಾಂಗಿತ್ತ್?"

"ನಿನ್ ಕನ್ನಡಕ ನೀನೇ ತಕಂಡ್ ಹೋಗ್ ಹೆಣ್ಣೆ. ನನ್ ಕಣ್ಣೇ ಹೋಯ್ತ್. ಇನ್ ಎಂತ ಹಾಕಿರೂ ಅಷ್ಟೇ."

ಒಳಗಿಂದ ಬಂದ ಸುಬ್ಬರಾಯರು ಇದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು.

ದೀಕ್ಷಿತಾ ಪಕ್ಕದಲ್ಲಿ ಕುಳಿತಳು. "ಅಮ್ಮಾ, ಅಂದ್ ಡಾಕ್ಟ್ರು ಎಂತ ಹೇಳಿರ್?"

"ಬೇರೆ ಎಂತ ತೊಂದ್ರೆ ಇಲ್ಲೆ, ಕನ್ನಡಕ ಹಾಕಿರೆ ಸಾಕ್ ಅಂದ್ರ್."

"ಹಾಂಗಾರೆ ಒಂದ್ಸಲ ನಂಬರ್ ಕಾಂಬ."

ಚೀಲದಿಂದ ಡಾಕ್ಟರ ಚೀಟಿ ತೆಗೆದಳು, ಪಟ್ಟಿಯನ್ನೂ ತೆಗೆದಳು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದವಳೇ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಮ್ಮಾ! ಈ ಪಟ್ಟಿಯಗೆ ನಿಮ್ ಪ್ರಾಯ ಒಂದೂವರೆ ವರ್ಷ!"

"ಹಾಂಗಾರೆ ನಮ್ ಮದಿ ಆಯ್ಲೇ ಇಲ್ಯಾ?" ಎಂದು ಸುಬ್ಬರಾಯರು ಮದುವೆಯ ವರ್ಷ ಲೆಕ್ಕ ಹಾಕಿದರು.

ಆದದ್ದು ಇಷ್ಟು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ಮನೆ, ಪ್ರಾಯ, ಬಲಗಣ್ಣು, ಎಡಗಣ್ಣು, ಓದುವ ನಂಬರು ಎಂದು ನಡುನಡುವೆ ಅಲ್ಪವಿರಾಮ ಹಾಕಿ ದೀಕ್ಷಿತಾ ಟೈಪ್ ಮಾಡುತ್ತ ಹೋಗಿದ್ದಳು. ಅಂದು ಪ್ರಾಯ ಕೇಳಿದಾಗ ಅಮ್ಮಣ್ಣಿ, ಹಿಂದೆ ನೆರೆಕರೆಯವರು ನಿಂತಿದ್ದರಲ್ಲ, "ಕಣ್ಣಿಗೂ ಪ್ರಾಯಕ್ಕೂ ಎಂತ ಸಂಬಂಧ? ಬಿಡ್" ಎಂದಿದ್ದರು. ಗಡಿಬಿಡಿಯಲ್ಲಿ ದೀಕ್ಷಿತಾ ಅದರ ಜಾಗವನ್ನು ಖಾಲಿಯೂ ಇಡದೆ ಮುಂದಿನದನ್ನು ಬರೆದಳು. ಬಲಗಣ್ಣಿನ ನಂಬರು ಪ್ರಾಯದ ಜಾಗಕ್ಕೆ ಹೋಯಿತು. ಎಡಗಣ್ಣಿನದು ಬಲಗಣ್ಣಿಗೆ ಬಂತು, ಓದುವ ನಂಬರು ಎಡಗಣ್ಣಿಗೆ. ಅಂಗಡಿಯವರು ಪಟ್ಟಿಯಲ್ಲಿದ್ದಂತೆ ಕನ್ನಡಕ ಮಾಡಿದರು.

ಅಮ್ಮಣ್ಣಿ ಮೆಲ್ಲಗೆ ಕೇಳಿದರು: "ಹಾಂಗಾರೆ... ನನ್ ಕಣ್ಣ್ ಹೋಯಿಲ್ಯಾ?"

"ಇಲ್ಲೆ ಅಮ್ಮಾ. ನಂಬರ್ ಅದ್ರ ಜಾಗ ಬಿಟ್ಟ್ ಆಚಿಗ್ ಹೋಯಿತ್, ಅಷ್ಟೇ. ತಪ್ಪ್ ನಂದೇ."

ಅಮ್ಮಣ್ಣಿ ಸೆರಗಿನಿಂದ ಮುಖ ಒರೆಸಿಕೊಂಡರು. ಹದಿನೈದು ದಿನ ಒಬ್ಬರೇ ಹೊತ್ತಿದ್ದ ಭಾರ ಇಳಿದಿತ್ತು. ಅಳುತ್ತಲೇ ನಕ್ಕರು. "ಆಸರಿಗೆ ಎಂತ ಬೇಕ್ ನಿಂಗೆ?" ಎನ್ನುತ್ತ ಬೆಲ್ಲ, ನೀರು ತರಲು ಎದ್ದರು.

ವಾರ ಬಿಟ್ಟು ದೀಕ್ಷಿತಾ ಇಬ್ಬರನ್ನೂ ಮಂಡಲದ ಕೋಣೆಗೆ ಕರೆದಳು. ಅಮ್ಮಣ್ಣಿಗೆ ಕಂಪ್ಯೂಟರಿನ ಮೇಲೆ ಇನ್ನೂ ಅನುಮಾನ. "ಕೈಯಗೆ ಬರ್ದಿರೆ ಹಿಂಗ್ ಆತಿತ್ತಾ?"

"ಆತಿತ್ತ್ ಅಮ್ಮಾ. ಜಾಗ ತಪ್ಪಿರೆ ಕೈಯಗೂ ತಪ್ಪೇ. ಅದ್ಕೇ ಈಗ ಫಾರಂ ಮಾಡಿದ್ದೆ, ಕಾಣಿ."

ಪರದೆಯ ಮೇಲೆ ಒಬ್ಬರ ವಿವರ ಮಾತ್ರ ಇತ್ತು. ಒಂದೊಂದು ಪ್ರಶ್ನೆಗೂ ಒಂದೊಂದು ಚೌಕ. ಪ್ರಾಯದ ಚೌಕ ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗಲೊಲ್ಲದು. ಒಂದೂವರೆ ಎಂದು ಹಾಕಿದರೆ 'ಮತ್ತೊಮ್ಮೆ ನೋಡಿ' ಎನ್ನುತ್ತದೆ. ಎಲ್ಲ ತುಂಬಿದ ಮೇಲೆ ಅಲ್ಪವಿರಾಮಗಳನ್ನು ಅದೇ ಹಾಕಿ, ಸಾಲನ್ನು ಪಟ್ಟಿಗೆ ಸೇರಿಸುತ್ತದೆ. ಪಟ್ಟಿ ಮೊದಲಿನ ಹಾಗೆ ಬರೀ ಅಕ್ಷರದ ಸಾಲುಗಳೇ. ಯಾವ ಹಳೇ ಕಂಪ್ಯೂಟರಿನಲ್ಲೂ ತೆರೆದು ಓದಬಹುದು.

"ಪ್ರಾಯ ಗೊತ್ತೇ ಇಲ್ದಿರೆ?" ಸುಬ್ಬರಾಯರ ಪರೀಕ್ಷೆ.

"'ಗೊತ್ತಿಲ್ಲ' ಅಂದೇ ಹಾಕ್ಬೇಕ್. ಖಾಲಿ ಬಿಡೂಕಾಗ. ಅಂದಾಜಿಗೆ ಬರಿಯೂಕೂ ಆಗ."

ಅಮ್ಮಣ್ಣಿ ಅವಳ ಕಿವಿಯ ಹತ್ತಿರ ಬಾಗಿದರು. "ಅರವತ್ತ್ಮೂರ್. ಬರ್ಕೊ. ಜೋರ್ ಹೇಳ್ಬೇಡ."

ದೀಕ್ಷಿತಾ ತುಂಬಿದ್ದನ್ನೆಲ್ಲ ಮೆಲುದನಿಯಲ್ಲಿ ಓದಿ ಹೇಳಿದಳು. ಅಮ್ಮಣ್ಣಿ ಒಂದೊಂದಕ್ಕೂ ಹೂಂಗುಟ್ಟಿದರು. ಮಂಡಲದವರು ಅಂದಿನ ನೂರ ಹನ್ನೆರಡು ಹೆಸರನ್ನೂ ಚೀಟಿ ನೋಡಿ ಹೊಸದಾಗಿ ತುಂಬಿದಾಗ ಇನ್ನಿಬ್ಬರ ನಂಬರೂ ಹೀಗೇ ಜಾರಿದ್ದು ಸಿಕ್ಕಿತು. ಅವರಿಗೂ ಕನ್ನಡಕ ಬದಲಾಯಿತು.

ಸರಿಯಾದ ಕನ್ನಡಕ ಬಂದ ದಿನ ಅಮ್ಮಣ್ಣಿ ಜಗಲಿಯ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದರು. ಆಮೇಲೆ ಹೂವಿನ ಬುಟ್ಟಿ ಎಳೆದುಕೊಂಡು ಕುಳಿತರು. "ಹ್ವಾಯ್, ಕಾಣಿ ಇಲ್ಲಿ! ತೊಟ್ಟೆಲ್ಲ ಕಾಣತ್ತ್!"

ಅಕ್ಕಂದಿರೇ, ಅಣ್ಣಂದಿರೇ, ಶಿಬಿರದಲ್ಲಾಗಲಿ ಸಂಘದಲ್ಲಾಗಲಿ ನಿಮ್ಮ ವಿವರ ಕೇಳಿದರೆ ನಾಚದೆ ಪೂರ್ತಿ ಹೇಳಿ. ಬರೆದದ್ದನ್ನು ಓದಿಸಿ ಕೇಳದೆ ಎದ್ದು ಬರಬೇಡಿ. ಪಟ್ಟಿ ಮಾಡುವವರೇ, ಅವಸರದಲ್ಲಿ ಸಾಲು ಸಾಲಾಗಿ ಟೈಪ್ ಮಾಡಬೇಡಿ. ಫಾರಂ ಇಟ್ಟುಕೊಳ್ಳಿ, ಚೌಕ ಖಾಲಿ ಬಿಡಬೇಡಿ. ನಿಮ್ಮ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಬ್ಬರು ಮನುಷ್ಯರಿದ್ದಾರೆ.